ಕೂಗಿದವನೇ ಕಳ್ಳನಲ್ಲ

ಹಳೆಯ ಪಿಕಪ್ ಗಾಡಿ ಇಟ್ಟುಕೊಂಡವರ ದುಡ್ಡು ಗ್ಯಾರೇಜಿನಲ್ಲಿ ಕರಗುವುದು ಕೆಟ್ಟ ಸಾಮಾನಿಗಿಂತ ಹೆಚ್ಚಾಗಿ ಕೆಡದ ಸಾಮಾನಿಗೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಮೊದಲು ಬ್ಯಾಟರಿ ಬದಲಾಗುತ್ತದೆ. ಮುಂದಿನ ವಾರ ಸೆಲ್ಫ್ ಮೋಟಾರು ಬಿಚ್ಚುತ್ತಾರೆ. ಅದಾದ ಮೇಲೆ ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ ಕಳಿಸುತ್ತಾರೆ. ಕೊನೆಗೆ ಯಾರೋ ಹಳಬರೊಬ್ಬರು ಬಂದು, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯ ಬೋಲ್ಟು ಸಡಿಲಿಸಿ, ತುಕ್ಕು ಉಜ್ಜಿ ಮತ್ತೆ ಬಿಗಿದರೆ, ಗಾಡಿ ಅರ್ಧ ಸುತ್ತಿಗೇ ಹೊತ್ತಿಕೊಳ್ಳುತ್ತದೆ. ಇಂಥ ಕಥೆ ಇಲ್ಲದ ಗ್ಯಾರೇಜು ನಮ್ಮ ಕಡೆ ಇಲ್ಲ. ಸದ್ದು ಮಾಡುತ್ತಿರುವ ಭಾಗವೇ ಕೆಟ್ಟ ಭಾಗ ಎಂದು ತೀರ್ಮಾನಿಸುವುದೆಂದರೆ, ಕಳ್ಳನನ್ನು ಬಿಟ್ಟು ‘ಕಳ್ಳ, ಕಳ್ಳ’ ಎಂದು ಕೂಗಿದವನನ್ನು ಹಿಡಿದುಕೊಂಡು ಹೋದ ಹಾಗೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಗಾಡಿಯನ್ನು ವಿಚಾರಿಸುವುದು ಹೇಗೆ, ಕಾಸಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ಮಾತು.

ಯಾವ ಗಾಡಿಗಳ ವಿಷಯ ಎಂದು ಮೊದಲೇ ಹೇಳಿಬಿಡುತ್ತೇನೆ. ಟೆಲ್ಕೋ ಕಂಪನಿ 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪನ್ನು ರಸ್ತೆಗೆ ಬಿಟ್ಟಿತು. ಅದೇ ವಂಶದ ಟಾಟಾ 207 ಗಾಡಿಗಳು ಇವತ್ತೂ ತೋಟದಿಂದ ಮಂಡಿಗೆ ಓಡಾಡುತ್ತಿವೆ. ಮಹೀಂದ್ರದ 2523 ಸಿಸಿ ಡಿಐ ಎಂಜಿನ್ನಿನ ಬೊಲೆರೊ ಪಿಕಪ್ಪು, ಕ್ಯಾಂಪರ್ರು ಇವೆ. 2005ರಲ್ಲಿ ಬಂದ, ಎರಡೇ ಸಿಲಿಂಡರಿನ, 702 ಸಿಸಿಯ ಟಾಟಾ ಏಸ್ ಇದೆ. ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು, ತಿಪಟೂರಿನ ಕೊಬ್ಬರಿ, ಮದುವೆ ಮನೆಯ ಶಾಮಿಯಾನ, ಎಲ್ಲವನ್ನೂ ಹೊತ್ತವು ಇವೇ. ಇವುಗಳ ಹಳೆಯ ಮಾದರಿಗಳಲ್ಲಿ ಕಂಪ್ಯೂಟರಿಲ್ಲ; ಡೀಸೆಲ್ಲನ್ನು ಅಳೆದು ಕೊಡುವುದು ಪೂರಾ ಯಾಂತ್ರಿಕ ಪಂಪು. ಹಾಗಾಗಿ ಕಣ್ಣು, ಕಿವಿ, ಮೂಗು ಮತ್ತು ಒಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಮುಕ್ಕಾಲು ಪಾಲು ತೊಂದರೆಯ ಬುಡಕ್ಕೆ ಹೋಗಬಹುದು. ಕಾಮನ್ ರೈಲ್ ಬಂದ ಮೇಲಿನ ಗಾಡಿಗಳ ದಾರಿಯೇ ಬೇರೆ. ಅವಕ್ಕೆ ಸ್ಕ್ಯಾನರ್ ಬೇಕು, ಮತ್ತು ಈಗ ನಾನು ಹೇಳುವ ಒಂದೆರಡು ಕೆಲಸಗಳನ್ನು ಅವುಗಳ ಮೇಲೆ ಮಾಡಲೇಬಾರದು. ಅದನ್ನು ಬಂದಲ್ಲಿ ಹೇಳುತ್ತೇನೆ.

ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನೆಂಟು, ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಬೇಗ ತಿರುಗಿದರೆ ಕಾವು ಉಳಿಯುತ್ತದೆ. ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಸಂದಿಯಿಂದ ಸೋರಿ, ಉಳಿದ ಕಾವು ತಣ್ಣನೆಯ ಗೋಡೆಗಳಿಗೆ ಹೋಗಿಬಿಡುತ್ತದೆ. ಆದ್ದರಿಂದ ಗಾಡಿ ಸ್ಟಾರ್ಟ್ ಆಗದಿದ್ದಾಗ ಮೊದಲ ಪ್ರಶ್ನೆ ಒಂದೇ: ಎಂಜಿನ್ ಚುರುಕಾಗಿ ತಿರುಗುತ್ತಿದೆಯೋ, ಏದುಸಿರು ಬಿಡುತ್ತಾ ತಿರುಗುತ್ತಿದೆಯೋ? ಇದಕ್ಕೆ ಉತ್ತರ ಸಿಗುವವರೆಗೆ ಪಂಪು, ನೋಝಲ್ಲು ಎಂದು ಬಾಯಿ ಬಿಡಬಾರದು.

ಏದುಸಿರು ಬಿಡುತ್ತಿದ್ದರೆ ಮಲ್ಟಿಮೀಟರ್ ತೆಗೆಯಿರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ತುಂಬಿದೆ ಎಂದರ್ಥ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಅದು ಒಂಬತ್ತೂವರೆಗಿಂತ ಕೆಳಕ್ಕೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಕುಸಿಯದೆ ಹನ್ನೊಂದರ ಹತ್ತಿರ ನಿಂತೂ ಎಂಜಿನ್ ನಿಧಾನವಾಗಿದ್ದರೆ ಬ್ಯಾಟರಿ ತನ್ನ ಕೆಲಸ ಮಾಡಿದೆ, ಕರೆಂಟ್ ದಾರಿಯಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದೆ. ಆಗ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಮೊಳೆಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಯಾರಿಂದಲಾದರೂ ಸೆಲ್ಫ್ ಹೊಡೆಸಿ. ಮುಳ್ಳು ಅರ್ಧ ವೋಲ್ಟ್ ದಾಟಿದರೆ ಅರ್ಥ್ ಸರಿಯಿಲ್ಲ. ಡೀಸೆಲ್ ಗಾಡಿಯ ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ಹೋದ ಕರೆಂಟ್ ಹಾಗೇ ಹಿಂದಿರುಗಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆ ಚಪ್ಪಟೆ ಪಟ್ಟಿಯೊಂದೇ ಸೇತುವೆ. ಅದು ಕಡಿದಿದ್ದರೆ ಕರೆಂಟ್ ಸಿಕ್ಕ ಅಡ್ಡದಾರಿ ಹಿಡಿಯುತ್ತದೆ: ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು, ಗೇರ್ ರಾಡು. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ ಇದೆ, ಅದರ ಪ್ಲಾಸ್ಟಿಕ್ ಹೊದಿಕೆ ಕರಗಿದೆ ಎಂದು ಯಾರಾದರೂ ದೂರು ತಂದರೆ ನಾನು ಕೇಬಲ್ ನೋಡುವುದೇ ಇಲ್ಲ, ನೇರ ಗಾಡಿಯ ಕೆಳಗೆ ಹೋಗಿ ಅರ್ಥ್ ಪಟ್ಟಿ ಹುಡುಕುತ್ತೇನೆ.

ಎಂಜಿನ್ ಚುರುಕಾಗಿಯೇ ತಿರುಗುತ್ತಿದೆ, ಆದರೂ ಹಿಡಿಯುತ್ತಿಲ್ಲ. ಈಗ ಸೈಲೆನ್ಸರ್ ಕಡೆ ನೋಡಿ. ಸೆಲ್ಫ್ ಹೊಡೆಯುವಾಗ ಅಲ್ಲಿಂದ ಬಿಳಿಯ ಹೊಗೆ, ಹಸಿ ಡೀಸೆಲ್ ವಾಸನೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಕಾವಿನ ಕೊರತೆ. ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅವನ್ನು ಒಂದೊಂದಾಗಿ ಮೀಟರಿನಲ್ಲಿ ನೋಡಿ. ಒಳ್ಳೆಯ ಪ್ಲಗ್ಗಿನ ಪ್ರತಿರೋಧ ಒಂದೆರಡು ಓಮ್ ಒಳಗಿರುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ಪಂಪಿನ ಮೇಲೆ ವಿದ್ಯುತ್ತಿನ ಸ್ಟಾಪ್ ಸೊಲೆನಾಯ್ಡ್ ಇರುವ ಗಾಡಿಗಳಲ್ಲಿ, ಕೀ ತಿರುಗಿಸಿದಾಗ ಅದು ‘ಟಕ್’ ಎನ್ನಬೇಕು. ಆ ಒಂದು ವೈರ್ ಕಳಚಿಕೊಂಡರೆ ಸಾಕು, ಗಾಡಿ ಹೊತ್ತಿಕೊಳ್ಳುವುದಿಲ್ಲ. ಎಂಜಿನ್ ಬಿಚ್ಚುವ ಮಾತಾಡುವ ಮೊದಲು ಆ ‘ಟಕ್’ ಕೇಳಿಸಿಕೊಳ್ಳಿ.

ಬೆಳಗಿನ ಹೊತ್ತು ಮಾತ್ರ ಕಾಡಿಸಿ, ಒಮ್ಮೆ ಹೊತ್ತಿಕೊಂಡ ಮೇಲೆ ದಿನವಿಡೀ ಸರಿಯಾಗಿ ಓಡುವ ಗಾಡಿಗಳದ್ದು ಬೇರೆಯೇ ಜಾತಿ. ಅಲ್ಲಿ ಬಹುಮಟ್ಟಿಗೆ ಏರ್ ಹಿಡಿದಿರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಹೀರಲಾಗುತ್ತದೆ, ತಳ್ಳುವುದಿಲ್ಲ. ಆ ಉದ್ದದಲ್ಲಿ ಎಲ್ಲಾದರೂ ಪೈಪು ಬಿರುಕು ಬಿಟ್ಟಿದ್ದರೆ, ವಾಷರ್ ಸವೆದಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆದ್ದರಿಂದ ನೆಲದ ಮೇಲೆ ಒಂದು ಹನಿಯೂ ಕಾಣದು. ರಾತ್ರಿ ಆ ಗಾಳಿ ಮೇಲೇರುತ್ತದೆ, ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ, ಬೆಳಿಗ್ಗೆ ಪೈಪು ಖಾಲಿ. ಹಿಡಿಯುವ ಉಪಾಯ ಹತ್ತು ಇಪ್ಪತ್ತು ರೂಪಾಯಿಯದು: ಫಿಲ್ಟರಿಗೆ ಮುಂಚೆ ಅಂಗೈಯುದ್ದದ ಪಾರದರ್ಶಕ ಪೈಪು ಜೋಡಿಸಿ ಎಂಜಿನ್ ಓಡಿಸಿ. ಗುಳ್ಳೆ ಸಾಲಾಗಿ ಹೋಗುತ್ತಿದ್ದರೆ ಅನುಮಾನ ಮುಗಿಯಿತು. ಏರ್ ತೆಗೆಯುವ ಕೆಲಸ ಎಲ್ಲ ಡ್ರೈವರುಗಳಿಗೂ ಗೊತ್ತು. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತಿ ಒತ್ತಿ, ನೊರೆ ಹೋಗಿ ತಿಳಿ ಡೀಸೆಲ್ ಬರುವಾಗ, ಬರುತ್ತಿರುವಂತೆಯೇ ಬಿಗಿಯಬೇಕು. ಆದರೆ ದಿನಾ ಬೆಳಿಗ್ಗೆ ಏರ್ ತೆಗೆಯುವುದು ರಿಪೇರಿ ಅಲ್ಲ. ಗಾಳಿ ಎಲ್ಲಿಂದ ಬಂತು ಎಂದು ನೋಡದವರು ವರ್ಷಗಟ್ಟಲೆ ಹೀಗೇ ಪ್ರೈಮರ್ ಒತ್ತುತ್ತಾ ಇರುವುದನ್ನು ಕಂಡಿದ್ದೇನೆ. ಆ ಪ್ರೈಮರಿನ ರಬ್ಬರೇ ಗಾಳಿ ಎಳೆಯುತ್ತಿರುವುದೂ ಉಂಟು!

ಪಂಪಿನ ಮಾತು ಬಂದಾಗ ಒಂದು ಪಕ್ಕದ ಮಾತು. ಇಂಥ ಇಂಜೆಕ್ಷನ್ ಪಂಪುಗಳನ್ನು ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಜರ್ಮನಿಯ ಬಾಷ್ ಕಂಪನಿ ಶುರುಮಾಡಿದ್ದು 1927ರಲ್ಲಿ. ಅದರ ಭಾರತದ ಶಾಖೆ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಎಂಬ ಹೆಸರಿನಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿತು. ನಮ್ಮ ಬಾಯಲ್ಲಿ ಅದು ಮೈಕೋ. 2008ರಲ್ಲಿ ಕಂಪನಿ ಹೆಸರು ಬದಲಾಯಿಸಿ ಬಾಷ್ ಎಂದಾಯಿತು. ಮೆಕ್ಯಾನಿಕ್ಕುಗಳು ಇವತ್ತಿಗೂ ಮೈಕೋ ಪಂಪ್ ಎಂದೇ ಕೇಳುತ್ತಾರೆ, ಜೆ.ಸಿ. ರಸ್ತೆಯ ಅಂಗಡಿಯವರೂ ಬೇರೇನೂ ಕೇಳದೆ ತೆಗೆದುಕೊಡುತ್ತಾರೆ. ಪಂಪು ತಾನಾಗಿ ಕೆಡುವುದಕ್ಕಿಂತ, ನೀರು ಮತ್ತು ದೂಳು ಸೇರಿದ ಡೀಸೆಲ್ ಕುಡಿದು ಕೆಡುವುದೇ ಹೆಚ್ಚು. ಅದರ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಡೀಸೆಲ್ಲೇ ಅದರ ಎಣ್ಣೆ. ಅದರೊಳಗೆ ನೀರು ಹೋದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಫಿಲ್ಟರಿನ ಕೆಳಗಿನ ನೀರಿನ ಸ್ಕ್ರೂ ತೆಗೆದು ನೋಡುವ ಅಭ್ಯಾಸ ಮಳೆಗಾಲದಲ್ಲಾದರೂ ಇರಲಿ.

ಎಂಜಿನ್ ಓಡುತ್ತಿದೆ, ಆದರೆ ಕುಂಟುತ್ತಿದೆ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ? ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು. ಎಂಜಿನ್ ಐಡಲ್‌ನಲ್ಲಿರುವಾಗ ಒಂದೊಂದೇ ನೋಝಲ್ಲಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಬೇಕು. ಸಡಿಲಿಸಿದ ಕೂಡಲೇ ಎಂಜಿನ್ ಇನ್ನಷ್ಟು ಕುಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಸೋಮಾರಿ ಸಿಕ್ಕಿಬಿದ್ದ. ಇಲ್ಲಿಗೇ ನೋಝಲ್ ಕೊಳ್ಳಲು ಓಡಬೇಡಿ. ಆ ಸಿಲಿಂಡರಿನ ನೋಝಲ್ಲನ್ನು ತಾಮ್ರದ ವಾಷರ್ ಹೊಸದು ಹಾಕಿ ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ. ತೊಂದರೆ ನೋಝಲ್ ಜತೆಗೇ ಹೋಯಿತೋ, ನೋಝಲ್ಲಿನದೇ ತಪ್ಪು. ತೊಂದರೆ ಅಲ್ಲೇ ಉಳಿಯಿತೋ, ಪಂಪು ಸರಿಯಿದೆ ಎಂದಾದರೆ ವಾಲ್ವು ಅಥವಾ ರಿಂಗು. ಆಗಲೂ ಹೆಡ್ ಇಳಿಸುವ ಮುನ್ನ ಟ್ಯಾಪೆಟ್ ಗ್ಯಾಪು ನೋಡಿ. ಗ್ಯಾಪು ಕಡಿಮೆಯಾಗಿದ್ದರೆ ಎಂಜಿನ್ ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಫೀಲರ್ ಗೇಜಿನ ಅರ್ಧ ಗಂಟೆಯ ಕೆಲಸದಲ್ಲಿ ಹೋಗುವ ತೊಂದರೆಗೆ ಎಂಜಿನ್ ಬಿಚ್ಚಿದವರಿದ್ದಾರೆ.

ಎಚ್ಚರಿಕೆ ಎಂದೆನಲ್ಲ, ಅದು ಇಲ್ಲಿಗೆ. ನಟ್ ಸಡಿಲಿಸುವ ಈ ಪರೀಕ್ಷೆ ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನಿಗೆ ಮಾತ್ರ. ಕಾಮನ್ ರೈಲ್ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ಮೀರಬಹುದು. ಓಡುವ ಎಂಜಿನ್ನಿನಲ್ಲಿ ಅದನ್ನು ಸಡಿಲಿಸುವುದು ಆತ್ಮಹತ್ಯೆಗೆ ಸಮ. ಹಳೆಯದರಲ್ಲೂ ನೋಝಲ್ ಬಾಯಿಗೆ ಬೆರಳು ಅಡ್ಡ ಹಿಡಿಯಬೇಡಿ. ಆ ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಅಷ್ಟಿರುವುದಿಲ್ಲ. ಒಳಗೆ ಮಾಂಸ ಸಾಯತೊಡಗುತ್ತದೆ. ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ಆಪರೇಷನ್ ತಡವಾದರೆ ಬೆರಳೇ ಹೋಗಬಹುದು.

ಹೊಗೆಯ ಬಣ್ಣದ ಪಾಠ ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಬೇಗ ಮುಗಿಸುತ್ತೇನೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ. ಏರ್ ಫಿಲ್ಟರ್ ಮೊದಲು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿಯೇ ಬರುತ್ತಿದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ನೀರು ಉರಿಯುವ ಜಾಗಕ್ಕೆ ದಾರಿ ಮಾಡಿಕೊಂಡಿದೆ. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆರೆದರೆ ಬುಸುಬುಸು ಹೊಗೆ ನುಗ್ಗುತ್ತಿದೆಯೇ? ಹಾಗಾದರೆ ಬೋರ್ ಸವೆದಿದೆ, ಅದಕ್ಕೆ ಅಗ್ಗದ ಉಪಾಯ ಇಲ್ಲ.

ಈಗ ಒಂದು ಸ್ವಾರಸ್ಯದ ವಿಷಯ. ಮೂರು ಬೇರೆ ಬೇರೆ ದೂರು ಒಟ್ಟಿಗೆ ಬರುತ್ತವೆ: ಚಾರ್ಜಿಂಗ್ ದೀಪ ಹತ್ತಿಕೊಂಡಿದೆ, ಎಂಜಿನ್ ಬಿಸಿಯಾಗುತ್ತಿದೆ, ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಎಲೆಕ್ಟ್ರಿಷಿಯನ್, ರೇಡಿಯೇಟರಿನವನು, ಬ್ರೇಕಿನವನು ಎಂದು ಮೂವರ ಮನೆಗೆ ಹೋಗುವ ಮೊದಲು ಬಾನೆಟ್ ತೆಗೆದು ಬೆಲ್ಟ್ ನೋಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಇನ್‌ಟೇಕ್ ಕೊಳವೆಯಲ್ಲೇ ಸಿಗುತ್ತದೆ. ಡೀಸೆಲ್ಲಿನಲ್ಲಿ ಗಾಳಿಯ ಬಾಯಿಗೆ ಥ್ರಾಟಲ್ ಇರುವುದಿಲ್ಲವಾದ್ದರಿಂದ ಬೇರೆ ವ್ಯಾಕ್ಯೂಮ್ ಪಂಪು ಬೇಕು. ನಮ್ಮ ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಅದನ್ನು ಆಲ್ಟರ್ನೇಟರಿನ ಬೆನ್ನಿಗೇ ಕೂರಿಸಿರುತ್ತಾರೆ. ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ, ಅದೊಂದು ಹರಿದರೆ ಅಥವಾ ಜಾರಿದರೆ ಮೂರೂ ಒಟ್ಟಿಗೆ ಮಲಗುತ್ತವೆ. ಇನ್ನೊಂದು ಕಿಡಿಗೇಡಿತನವೂ ಇದರದ್ದಿದೆ. ವ್ಯಾಕ್ಯೂಮ್ ಪಂಪಿಗೆ ಎಂಜಿನ್ ಆಯಿಲ್ ಹೋಗಿಬರುತ್ತದೆ. ನಡುವಿನ ಆಯಿಲ್ ಸೀಲ್ ಹೋದರೆ ಆಯಿಲ್ ಆಲ್ಟರ್ನೇಟರಿನ ಹೊಟ್ಟೆಗೆ ಇಳಿದು ಕಾರ್ಬನ್ ಬ್ರಷ್ ಹಾಳಾಗುತ್ತದೆ. ಚಾರ್ಜಿಂಗ್ ನಿಂತಿತೆಂದು ಬ್ರಷ್ ಬದಲಾಯಿಸಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ. ತೆಗೆದ ಬ್ರಷ್ ಎಣ್ಣೆಯಲ್ಲಿ ಮಿಂದಿದೆಯೇ ಎಂದು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡುವ ವ್ಯವಧಾನ ಇದ್ದಿದ್ದರೆ ಸೀಲ್ ನೆನಪಾಗುತ್ತಿತ್ತು.

ಬೂಸ್ಟರ್ ಸರಿಯಿದೆಯೇ ಎಂದು ನೋಡಲು ಗ್ಯಾರೇಜಿಗೆ ಹೋಗಬೇಕಿಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕಾರು ಸಲ ಒತ್ತಿ, ಗಟ್ಟಿಯಾದ ಮೇಲೆ ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿದರೆ ಸರಿ. ಇಳಿಯದಿದ್ದರೆ ಪೈಪು, ಪಂಪು, ಬೂಸ್ಟರ್ ಈ ಕ್ರಮದಲ್ಲಿ ಹುಡುಕಿ. ಪೈಪು ಅಗ್ಗ, ಬೂಸ್ಟರ್ ದುಬಾರಿ. ಕ್ರಮದ ಗುಟ್ಟು ಅಷ್ಟೇ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಜಾಣರಿಗೆ ಈ ಪರೀಕ್ಷೆಯನ್ನು ನಾನು ತಪ್ಪದೆ ಮಾಡಿ ತೋರಿಸುತ್ತೇನೆ. ನಾಲ್ಕು ಒತ್ತಿಗೆ ನಿರ್ವಾತ ಮುಗಿಯಿತು, ಘಾಟಿ ಇನ್ನೂ ಮುಗಿದಿಲ್ಲ.

ಬ್ರೇಕ್ ಆಯಿಲ್ ವಿಷಯವೂ ಅದೇ ಘಾಟಿಯದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ತೇವ ಕುಡಿದ ಆಯಿಲ್ಲಿಗೆ ಆ ದರ್ಜೆ ಕೇಳುವ ಕನಿಷ್ಠ ಮಟ್ಟ 140 ಡಿಗ್ರಿ ಮಾತ್ರ. ಲೋಡ್ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿದೇ ಬಂದರೆ ಆ ಕಾವು ಮುಟ್ಟುವುದು ಕಷ್ಟವಲ್ಲ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಕೆಳಗೆ ನಿಲ್ಲಿಸಿ ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ, ಮೆಕ್ಯಾನಿಕ್ಕಿಗೆ ಏನೂ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಎಂದರೆ ‘ಕಡಿಮೆಯೇ ಆಗಿಲ್ಲವಲ್ಲ ಸಾರ್’ ಎನ್ನುತ್ತಾರೆ.

ಹಿಂದಿನ ಕಮಾನು ಪಟ್ಟಿಗೆ ಎರಡು ಪ್ಲೇಟ್ ಹೆಚ್ಚು ಹಾಕಿಸುವುದು ನಮ್ಮಲ್ಲಿ ಗಾಡಿ ಕೊಂಡ ವಾರದ ಶಾಸ್ತ್ರ. ಕೆಲವು ಪಿಕಪ್ಪುಗಳ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದರ ತುದಿಗೆ ಒಂದು ವಾಲ್ವು ಇರುತ್ತದೆ. ಲೋಡ್ ಬಿದ್ದು ಹಿಂಭಾಗ ಕೂತಷ್ಟೂ ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಜಾಮ್ ಆಗದಿರಲೆಂದು ಕಡಿಮೆ ಬಿಡುತ್ತದೆ. ಪ್ಲೇಟ್ ಸೇರಿಸಿದ ಮೇಲೆ ಎಷ್ಟು ಲೋಡ್ ಹಾಕಿದರೂ ಹಿಂಭಾಗ ಕೂರುವುದಿಲ್ಲ. ವಾಲ್ವಿನ ಲೆಕ್ಕದಲ್ಲಿ ಗಾಡಿ ಸದಾ ಖಾಲಿ. ಬ್ರೇಕ್ ಸಾಲುತ್ತಿಲ್ಲ ಎಂದು ಲೈನರ್ ಮೇಲೆ ಲೈನರ್ ಬದಲಾಯಿಸುವವರು ಆ ಕಡ್ಡಿಯ ಕಡೆ ನೋಡುವುದೇ ಇಲ್ಲ. ಕೆಲವರು ಅದನ್ನು ತಂತಿಯಲ್ಲಿ ಕಟ್ಟಿಬಿಟ್ಟಿರುತ್ತಾರೆ. ಅದು ಇನ್ನೂ ಅಪಾಯ.

ಎಂಜಿನ್ ಬಿಸಿಯಾಗುವ ರೋಗಕ್ಕೆ ಬಯಲುಸೀಮೆಯಲ್ಲಿ ದೊಡ್ಡ ಕಾರಣ ಬೋರ್‌ವೆಲ್ ನೀರು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಕಾವು ಹೊರಗೆ ಹೋಗುವುದಿಲ್ಲ. ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ ಬೆರೆಸಿ ಹಾಕುವುದು ದುಬಾರಿ ಎನ್ನುವವರು ಹೆಡ್ ಗ್ಯಾಸ್ಕೆಟ್ ಕೆಲಸದ ಬಿಲ್ಲನ್ನು ಒಮ್ಮೆ ನೋಡಬೇಕು. ಗಾಡಿ ಬಿಸಿಯಾಯಿತೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವ ಚಾಳಿಯನ್ನೂ ನಾನು ಒಪ್ಪುವುದಿಲ್ಲ. ಅದು ಎಂಜಿನ್ನನ್ನು ಸುಮಾರು ಎಂಬತ್ತು ಡಿಗ್ರಿಗೆ ಬೇಗ ತಲುಪಿಸಲು ಇರುವುದು. ಇಲ್ಲದಿದ್ದರೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿದು ಬೇಗ ಸವೆಯುತ್ತದೆ. ಕೆಟ್ಟಿದೆಯೇ ಎಂದು ತಿಳಿಯಲು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಬಾಯಿ ತೆರೆಯುತ್ತದೆಯೇ ನೋಡಿದರೆ ಸಾಕು. ಗ್ಯಾಸ್ಕೆಟ್ ಅನುಮಾನವಿದ್ದರೆ, ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಮೊದಲ ನಿಮಿಷದಿಂದಲೇ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ತಣ್ಣಗಿರುವ ಎಂಜಿನ್ ಎಂದು ಒತ್ತಿ ಹೇಳುತ್ತಿದ್ದೇನೆ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರನ್ನು ನೀವೂ ಕಂಡಿರುತ್ತೀರಿ.

ಗಾಡಿಯ ಕೆಳಗಿನ ಸದ್ದುಗಳಲ್ಲಿ ಎರಡನ್ನೇ ಹೇಳುತ್ತೇನೆ. ಮುಂದಕ್ಕೆ ಹೊರಡುವಾಗ, ರಿವರ್ಸ್ ಹಾಕಿದಾಗ ‘ಟಣ್’ ಎಂದು ಒಂದೇ ಏಟು ಕೇಳಿದರೆ ಹೌಸಿಂಗ್ ಬಿಚ್ಚಿಸಬೇಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ಹೋಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನು ಕೈಯಲ್ಲಿ ತಿರುಚಿ ನೋಡಿ. ವೇಗ ಏರಿದಂತೆ ಏರುವ ‘ಗುಂಯ್’ ಸದ್ದು ಗೇರ್ ಬದಲಾದರೂ ಬದಲಾಗದೆ, ಎಡಕ್ಕೆ ಹೊರಳಿದಾಗ ಹೆಚ್ಚಾಗಿ ಬಲಕ್ಕೆ ಹೊರಳಿದಾಗ ಕಡಿಮೆಯಾದರೆ ಬಲಗಡೆಯ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಬಹುದು, ಏಕೆಂದರೆ ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ.

ಕೊನೆಯದಾಗಿ ಚಾಸಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ಪ್ರತಿ ವರ್ಷ ಆಗಬೇಕು. ಆಗ ಬಣ್ಣ ಬಳಿಸುತ್ತೇವೆ, ಎಂಜಿನ್ ತೊಳೆಸುತ್ತೇವೆ. ಚಾಸಿಯನ್ನು ನೋಡುವವರು ಕಡಿಮೆ. ಹಳೆಯ ಗಾಡಿಯ ಎಂಜಿನ್ನಿಗೆ ದೊಡ್ಡ ಮೊತ್ತ ಹಾಕುವ ಮೊದಲು ಹಿಂದಿನ ಕಮಾನು ಪಟ್ಟಿಯ ಬ್ರಾಕೆಟ್‌ಗಳ ಸುತ್ತ, ಕ್ಯಾಬಿನ್ನಿನ ಹಿಂದುಗಡೆ ಚಾಸಿ ಬಾಗುವ ಜಾಗದಲ್ಲಿ ತಂತಿ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಾಕಿ ನೋಡಿ. ಮೀನು, ಗೊಬ್ಬರ, ಉಪ್ಪು ಹೊತ್ತ ಗಾಡಿಗಳಲ್ಲಿ ಇದನ್ನು ಮರೆಯಲೇಬಾರದು. ಕೂದಲೆಳೆಯ ಬಿರುಕಿನ ತುದಿಯಲ್ಲಿ ಕೆಂಪು ತುಕ್ಕಿನ ಗೆರೆ ಕಂಡರೆ ಅದು ಓಡುವಾಗ ಬಾಯಿ ತೆರೆಯುತ್ತಿದೆ ಎಂದರ್ಥ. ತಿಳಿದವರಿಂದ ವೆಲ್ಡ್ ಮಾಡಿಸಿ, ಆದರೆ ಅದಕ್ಕೆ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರಿನ ವೈರ್ ಬಿಚ್ಚಿಡಿ; ಇಲ್ಲದಿದ್ದರೆ ಒಳಗಿನ ಡಯೋಡುಗಳು ಸುಡುತ್ತವೆ. ವೆಲ್ಡಿಂಗ್ ಕ್ಲ್ಯಾಂಪನ್ನು ಬಿರುಕಿನ ಪಕ್ಕದಲ್ಲೇ ಹಾಕಿಸಿ, ಕರೆಂಟ್ ಬೇರಿಂಗ್ ಮೂಲಕ ಹಾಯುವಂತೆ ದೂರದ ಚಕ್ರಕ್ಕಲ್ಲ. ಬಿರುಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಿದ್ದರೆ, ಅಥವಾ ಸುತ್ತಿಗೆಯ ತುದಿಯಿಂದ ತಟ್ಟಿದಾಗ ಪದರ ಪದರವಾಗಿ ತುಕ್ಕು ಉದುರಿದರೆ ಆ ಗಾಡಿಗೆ ಇನ್ನು ಎಂಜಿನ್ ಕೆಲಸ ಬೇಡ, ಗುಜರಿಯವರ ಜತೆ ರೇಟು ಮಾತಾಡಿ.